ಮನೆ ಬಾಗಿಲಿಗೆ ಬಂದ ಕುಳ್ಳು

ನಡುವೆ ಒಂದು ತಗ್ಗು, ಆ ತಗ್ಗಿನಿಂದ ಮೇಲಕ್ಕೆ ಹೋಗುವ ಸಣ್ಣ ಸಣ್ಣ ಕಾಲುವೆಗಳು — ಬೆರಳಿನ ಗುರುತಲ್ಲದೆ ಮತ್ತೇನು, ಕುಳ್ಳು ತಟ್ಟಿದ ಮೇಲೆ ಕೈ ಮೂಡದೆ ಇರುತ್ತದೆಯೇ ಎಂದುಕೊಂಡು ಶ್ರೀಲತಾ ಅದನ್ನು ಇಟ್ಟಿಗೆಯ ಒಲೆಗೆ ಹಾಕಲು ಬಗ್ಗಿದವಳು ಹಾಗೇ ತಡೆದಳು, ಕಿರುಬೆರಳು ಉಳಿದವುಗಳ ಜತೆ ಮೇಲಕ್ಕೆ ಹೋಗಿಲ್ಲ, ಒಳಕ್ಕೆ, ಉಂಗುರದ ಬೆರಳಿನ ಕಡೆ ಕೊಕ್ಕೆಯ ಹಾಗೆ ಬಾಗಿದೆ, ಹಾಗೆ ಬಾಗಿದ ಬೆರಳು ಅವಳು ಕಂಡಂತೆ ಒಬ್ಬರಿಗೇ ಇದ್ದದ್ದು, ಅದು ಅವ್ವನಿಗೆ, ಅವ್ವ ಹೋಗಿ ಎರಡು ವರ್ಷವಾಯಿತು. ಏನಮ್ಮಾ ನಿಂತ್ಯಲ್ಲ, ಹಾಕು, ಹಾಲಿನ್ನೂ ಬೆಚ್ಚಗೂ ಆಗಿಲ್ಲ, ಅತ್ತೆ ರಾಜೇಶ್ವರಮ್ಮ ಹಿಂದಿನಿಂದ ಹೇಳುತ್ತಿದ್ದಾರೆ, ರಾಹುಕಾಲ ಹುಟ್ಟುವುದರೊಳಗೆ ಹೊಸ ಮನೆಯ ಹಾಲು ಉಕ್ಕಬೇಕು, ಉಕ್ಕದಿದ್ದರೆ ಈ ಮನೆ ಏಳಿಗೆಯಾಗುವುದಿಲ್ಲವೆಂದು ಭಟ್ಟರು ಬೆಳಿಗ್ಗೆಯಿಂದ ಹೆದರಿಸುತ್ತಿದ್ದಾರೆ, ಹಿತ್ತಾಳೆ ಪಾತ್ರೆಯ ಕುತ್ತಿಗೆಗೆ ಕಟ್ಟಿದ ಅರಿಶಿನದ ಕೊಂಬು ಅಲುಗಾಡದೆ ನೇತುಬಿದ್ದಿದೆ, ಶ್ರೀಲತಾ ಆ ಕುಳ್ಳನ್ನು ಪಕ್ಕಕ್ಕಿಟ್ಟು ಪೊಟ್ಟಣಕ್ಕೆ ಕೈ ಹಾಕಿ ಇನ್ನೊಂದನ್ನು ತೆಗೆದಳು — ಅದರ ಮೇಲೂ ಆ ಕೈ, ಅದೇ ಕೊಕ್ಕೆ. ಮೊದಲು ಉರಿಗೆ ಹಾಕಿದವನ್ನು ಅವಳು ನೋಡಿಯೇ ಇರಲಿಲ್ಲ, ನೆಂಟರು ಕಳಿಸಿದ ಶುಭಾಶಯಗಳನ್ನು ಮೊಬೈಲಿನಲ್ಲಿ ಓದುತ್ತ ಒಂದೊಂದಾಗಿ ಒಳಗೆ ತಳ್ಳಿದ್ದಳು.

ಕೊಂಡದ್ದು ಅವಳೇ, ಮೊಬೈಲಿನಲ್ಲಿ, ಶುದ್ಧ ದೇಸಿ ಬೆರಣಿ, ಪೂಜೆಗೆ ಯೋಗ್ಯ, ಮನೆ ಬಾಗಿಲಿಗೆ ತಲುಪಿಸಲಾಗುವುದು. ದನ ಸಾಕಿದ ಊರಿನಲ್ಲಿ ಹುಟ್ಟಿ ಸಗಣಿಗೆ ದುಡ್ಡು ಕೊಟ್ಟೆಯಲ್ಲೇ ಎಂದು ಗಂಡ ಶರತ್ ನಕ್ಕಿದ್ದ, ನಗಲಿ, ಅವನಿಗೇನು ಗೊತ್ತು, ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಅವಳು ಸಂಬಳವನ್ನು ಗಂಟೆಗಳಿಂದ ಭಾಗಿಸಿ ತನ್ನ ಒಂದು ಗಂಟೆಯ ಬೆಲೆ ಇಷ್ಟು ಎಂದು ಕಂಡುಕೊಂಡಿದ್ದಳು, ಅಂದಿನಿಂದ ತಲೆಯೊಳಗೊಂದು ಮೀಟರು ಓಡುತ್ತದೆ, ಶಿಕಾರಿಪುರದ ಆಟೋಗಳಿಗೂ ಇಲ್ಲದ ಮೀಟರು. ಸಂತೆಯಲ್ಲಿ ಸೊಪ್ಪು ಅಗ್ಗ, ಆದರೆ ಹೋಗಿ ಬರುವ ಹೊತ್ತು? ಹಪ್ಪಳ ಮನೆಯಲ್ಲೇ ಮಾಡಿದರೆ ಅಗ್ಗ, ಆದರೆ ಭಾನುವಾರ? ಕೊಂಡುಬಿಡು, ಬಾಗಿಲಿಗೆ ಬರುತ್ತದೆ. ಅವ್ವನಿಗೆ ಈ ಲೆಕ್ಕ ಹತ್ತುತ್ತಲೇ ಇರಲಿಲ್ಲ, ಸೊರಬದ ಆಚೆಯ ಊರಿನಿಂದ ಫೋನು ಮಾಡಿ, ಲತಾ, ಮನೆ ಕಟ್ತೀಯಂತಲ್ಲೇ, ಹಾಲುಕ್ಕಿಸಾಕೆ ನಾನೇ ಒಂದು ಚೀಲ ಕುಳ್ಳು ತಗಂಡು ಬತ್ತೀನಿ, ಹೆಂಗಸ್ರಿಗೆ ಬಸ್ಸು ಪುಕ್ಕಟೆ ಐತಲ್ಲ, ಎಂದಿದ್ದಳು. ಬಸ್ಸು ಪುಕ್ಕಟೆ ಅವ್ವ, ಹೊತ್ತು ಪುಕ್ಕಟೆ ಅಲ್ಲ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು, ಚೀಲ ಹತ್ತಿಸಬೇಕು ಇಳಿಸಬೇಕು, ನಿನ್ನ ಒಂದು ದಿನ ಹಾಳು, ನನಗೆ ಅರ್ಧ ದಿನ ರಜೆ — ಇಲ್ಲಿ ಒಂದು ಬೆರಳು ಒತ್ತಿದರೆ ಬರ್ತಾವೆ. ಹೌದಾ, ಬರ್ತಾವಾ, ಎಂದಳು ಅವ್ವ, ಅವಳ ಹಿಂದೆ ಎಮ್ಮೆಯ ಕೊರಳ ಗಂಟೆ ಕೇಳಿಸುತ್ತಿತ್ತು.

ಲೆಕ್ಕ ಹತ್ತುತ್ತಿರಲಿಲ್ಲ ಎನ್ನುವುದೂ ಸುಳ್ಳು, ಬೆರಳು ಬಾಗಿದ್ದೇ ಲೆಕ್ಕದಿಂದ, ನಾಟಿಯ ದಿನಗಳಲ್ಲಿ ಗಾಡಿಯ ನೊಗಕ್ಕೆ ಸಿಕ್ಕಿ ಕಿರುಬೆರಳು ಜಜ್ಜಿದಾಗ ಆಸ್ಪತ್ರೆಗೆ ಹೋಗೋಣವೆಂದರೆ ಒಂದು ದಿನದ ಕೂಲಿ ಹೋಗತೈತೆ ಎಂದು ಸೀರೆಯ ಚೂರು ಸುತ್ತಿಕೊಂಡು ಗದ್ದೆಗಿಳಿದವಳು ಅವ್ವ, ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು, ಆ ಬೆರಳಿನಿಂದಲೇ ಇವಳ ಜಡೆ ಹೆಣೆದಳು, ಹೆಣೆಯುವಾಗ ಕೊಕ್ಕೆಗೆ ಕೂದಲು ಸಿಕ್ಕಿ ಕಣ್ಣಲ್ಲಿ ನೀರು ಬರುತ್ತಿತ್ತು, ಈಗಲೂ ಕುತ್ತಿಗೆಯ ಹಿಂದೆ ಏನೋ ಎಳೆದಂತಾಯಿತು, ತಿರುಗಿ ನೋಡಿದರೆ ಅತ್ತೆ ಆಚೆ ಬಾಗಿಲ ಬಳಿ ಭಟ್ಟರ ಜತೆ ಮಾತಿಗೆ ನಿಂತಿದ್ದಾರೆ, ಬೆನ್ನ ಹಿಂದೆ ಹಸಿ ಸುಣ್ಣದ ಗೋಡೆ ಬಿಟ್ಟು ಯಾರೂ ಇಲ್ಲ.

ಇದಕ್ಕೊಂದು ಕಾರಣ ಇರಬೇಕು, ಇದ್ದೇ ಇರುತ್ತದೆ, ಅವಳು ಹಿತ್ತಲಿಗೆ ಹೋಗಿ ತಮ್ಮ ತಿಪ್ಪೇಶನಿಗೆ ಫೋನು ಹಚ್ಚಿದಳು, ಅವನು ಊಟದ ಹೊತ್ತಿಗೆ ಬರುವವನು, ಇನ್ನೂ ಬಸ್ಸಿನಲ್ಲಿದ್ದ, ಅವ್ವ ತಟ್ಟಿದ ಕುಳ್ಳು ಯಾರಿಗಾದ್ರೂ ಮಾರಿದ್ಯೇನೋ, ಏಜೆಂಟರು ಯಾರಾದ್ರೂ ಬಂದಿದ್ರಾ. ಎಂಥ ಮಾರೋದಕ್ಕಾ, ಆ ವರ್ಷದ ಮಳೇಲೇ ಎಲ್ಲ ಕರಗಿ ಗೊಬ್ಬರ ಆತು, ಎಮ್ಮೆನೂ ಕೊಟ್ಟಾತು, ನಮ್ಮನೇಲಿ ಈಗ ಸಗಣಿ ಎಲ್ಲೈತಿ. ಫೋನಿಟ್ಟು ಬಂದು ಪೊಟ್ಟಣ ತಿರುಗಿಸಿದಳು, ಅದರ ಮೇಲಿನ ವಿಳಾಸ ಯಾವುದೋ ದೂರದ ನಗರದ್ದು, ಅವ್ವ ಹೆಸರೂ ಕೇಳಿರದ ನಗರ. ಇರಲಿ, ಜಗತ್ತಿನಲ್ಲಿ ಬೆರಳು ಜಜ್ಜಿಕೊಂಡ ಹೆಂಗಸು ಅವ್ವ ಒಬ್ಬಳೇ ಏನು, ಎಂದು ಧೈರ್ಯ ಹೇಳಿಕೊಂಡು ಪಕ್ಕಕ್ಕಿಟ್ಟಿದ್ದ ಮೊದಲಿನ ಕುಳ್ಳನ್ನೆತ್ತಿ ಅಂಚು ಮುರಿದರೆ ಒಳಗಿನ್ನೂ ಹಸಿ, ಹುಲ್ಲಿನ ಹಸಿರು, ನಿನ್ನೆಯೋ ಮೊನ್ನೆಯೋ ತಟ್ಟಿದ ಹಾಗೆ. ಭಯವಾಯಿತು. ತನ್ನ ಅಂಗೈಯನ್ನು ಆ ತಗ್ಗಿನಲ್ಲಿಟ್ಟಳು, ಸರಿಯಾಗಿ ಕೂತಿತು, ಕಿರುಬೆರಳೊಂದು ಹೊರಗುಳಿಯಿತು, ತಗ್ಗು ಬೆಚ್ಚಗಿತ್ತು — ಒಲೆಯ ಹತ್ತಿರ ಇಟ್ಟಿದ್ದಕ್ಕೆ, ಅದಕ್ಕೇ.

ಬೆಚ್ಚಗಿರಲಿಲ್ಲ ಅವತ್ತು, ಅವ್ವನನ್ನು ಅಂಗಳದಲ್ಲಿ ಮಲಗಿಸಿದ್ದಾಗ ಆ ಕೈ ತಣ್ಣಗಿತ್ತು. ಅದಕ್ಕೂ ಮೊದಲು, ಆಷಾಢದ ಒಂದು ಸಂಜೆ, ನೋಡಬೇಕು ಅನ್ನುಸ್ತೈತೆ, ಒಂದಿನ ಬಾರೆ, ಎಂದಿದ್ದಳು ಅವ್ವ, ಆಗ ತಲೆಯೊಳಗಿನ ಮೀಟರು ಓಡಿತು, ಎರಡು ಬಸ್ಸು, ಒಂದು ದಿನದ ರಜೆ, ರಜೆಯನ್ನು ಮನೆಗೆ ಆರ್‌ಸಿಸಿ ತಾರಸಿ ಹಾಕುವ ದಿನಕ್ಕೆ ಇಟ್ಟುಕೊಂಡಿದ್ದಳು, ವಿಡಿಯೊ ಕಾಲ್ ಮಾಡ್ತೀನವ್ವ ಎಂದಳು, ಮಾಡಿದಳು ಕೂಡ, ಪರದೆಯ ತುಂಬ ಅವ್ವನ ಅಂಗೈಯೇ ಕಾಣಿಸಿತು, ಫೋನನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಗೊತ್ತಾಗಿರಲಿಲ್ಲ. ಆಮೇಲೆ ಆ ಉಳಿಸಿದ ರಜೆ ಸಾವಿಗೆ ಹೋಯಿತು. ಹೆಣ್ಣುಮಕ್ಕಳು ಸುಡುಗಾಡಿಗೆ ಬರಬಾರದೆಂದು ಬೀದಿಯ ತಿರುವಿನಲ್ಲೇ ನಿಲ್ಲಿಸಿದರು, ಬೆಂಕಿ ಕೊಟ್ಟವನು ತಿಪ್ಪೇಶ, ಚಿತೆಗೆ ಕುಳ್ಳು ಇಟ್ಟವರು ಊರವರು, ಅವಳು ಕಂಡದ್ದು ದೂರದ ಹೊಗೆಯನ್ನಷ್ಟೇ.

ಒಲೆಯ ಉರಿ ಇಳಿಯಿತು. ಮಿಕ್ಕ ಒಣ ಕುಳ್ಳುಗಳನ್ನೆಲ್ಲ ಅತ್ತೆಯೇ ಎತ್ತಿ ಹಾಕಿಬಿಟ್ಟಿದ್ದರು, ಇನ್ನೂ ತಡಮಾಡುವುದೇಕೆಂದು, ಪೊಟ್ಟಣ ಖಾಲಿ, ಉಳಿದದ್ದು ಇವಳ ಕೈಯಲ್ಲಿದ್ದ ಹಸಿಯದು ಮಾತ್ರ, ಹಾಲಿನ ಅಂಚಿನಲ್ಲಿ ಗುಳ್ಳೆಗಳು ಎದ್ದು ಕೂರುತ್ತಿವೆ, ಉಕ್ಕಲೊಲ್ಲದು. ಗ್ಯಾಸ್ ಮೇಲೆ ಇಟ್ಟುಬಿಡೋಣ ಲತಾ, ಎರಡು ನಿಮಿಷದ ಕೆಲಸ, ಎಂದ ಶರತ್, ನಿಜ, ಎರಡು ನಿಮಿಷ, ಬೇರೆ ದಿನವಾಗಿದ್ದರೆ ಇವಳೇ ಮೊದಲು ಹೇಳುತ್ತಿದ್ದಳು, ಅತ್ತೆ ಮುಖ ಗಂಟಿಕ್ಕಿದ್ದಾರೆ, ಭಟ್ಟರು ಗಡಿಯಾರ ನೋಡುತ್ತಿದ್ದಾರೆ, ಗ್ಯಾಸೆಂದರೆ ಈ ಕೈ ಉಳಿಯುತ್ತದೆ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಬಹುದು, ಬೀರುವಿನ ಕತ್ತಲಲ್ಲಿ ಅದು ಹಸಿಯಾಗಿಯೇ ಇದ್ದರೆ, ಮುಂದಿನ ವರ್ಷವೂ ಹಸಿಯಾಗಿಯೇ ಇದ್ದರೆ, ಅಲ್ಲ, ಅದಲ್ಲ, ಅವ್ವನಿಗೆ ತಾನು ಒಂದು ಕುಳ್ಳನ್ನೂ ಇಟ್ಟಿಲ್ಲ, ಒಂದನ್ನೂ — ಬೇಡ ರೀ, ಗ್ಯಾಸ್ ಬೇಡ, ಎಂದಳು, ಮಂಡಿಯೂರಿ ಕುಳ್ಳನ್ನು ಎರಡೂ ಕೈಯಲ್ಲಿ ಒಲೆಗೆ ಕೊಟ್ಟಳು. ಹೊಗೆ ಎದ್ದಿತು, ಹಸಿ ಹೊಗೆ, ಅಡುಗೆಮನೆಯೆಲ್ಲ ಕೆಮ್ಮಿತು, ಎಲ್ಲರ ಕಣ್ಣಲ್ಲೂ ನೀರು, ಹಾಗಾಗಿ ಇವಳು ಅತ್ತದ್ದೇಕೆಂದು ಯಾರೂ ಕೇಳಲಿಲ್ಲ, ಹಾಲು ಉಕ್ಕಿತು, ಉಕ್ಕಿತು ಉಕ್ಕಿತು, ಯಾರೋ ಗಂಟೆ ಬಾರಿಸುತ್ತಿದ್ದಾರೆ, ಅತ್ತೆಯ ಮುಖ ಅರಳಿದೆ, ಇನ್ನು ಏಳಮ್ಮ ಎನ್ನುತ್ತಿದ್ದಾರೆ ಭಟ್ಟರು, ಹೊಗೆ ಸರಿಯುತ್ತಿದೆ, ಕುಳ್ಳಿನ ಅಂಚೆಲ್ಲ ಕೆಂಪು, ನಡುವೆ ಆ ಕೈ ಮಾತ್ರ ಕಪ್ಪಗೆ, ಇಡಿಯಾಗಿ, ಶಾಖಕ್ಕೆ ಕುಳ್ಳು ಮುದುಡುತ್ತಿದೆ, ಶಾಖಕ್ಕೇ, ಮೊದಲು ಕಿರುಬೆರಳು, ಆಮೇಲೆ ಉಳಿದವು, ನಿಧಾನಕ್ಕೆ ಅಂಗೈಯತ್ತ ಮಡಚುತ್ತಿವೆ, ಬಾ ಎನ್ನುವ ಹಾಗೆ, ರಜೆ ಇದೆಯಾ ಎಂದು ಕೇಳದ ಹಾಗೆ, ಬೆರಳುಗಳು ಮಡಚುತ್ತಿವೆ, ಮಡಚುತ್ತಿವೆ —