ಎಡಗೆನ್ನೆ ಬಾಕಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅತ್ತಿಗೆಯ ಬಲಗೆನ್ನೆಯ ಸತ್ತ ಚರ್ಮವೆಲ್ಲ ಹೋಗಿತ್ತು. ಎಡಗೆನ್ನೆ ಹಾಗೇ ಇತ್ತು. ಸಂಜೆ ಐದಕ್ಕೆ ಅತ್ತಿಗೆಯ ಬ್ಯೂಟಿ ಪಾರ್ಲರಿನ ಎರಡನೇ ಶಾಖೆಯ ಉದ್ಘಾಟನೆ. ಪತ್ರಿಕೆಯ ಫೋಟೋಗ್ರಾಫರ್ ಬರುವವನಿದ್ದ.

ನಾದಿನಿ ಬ್ರಷ್ ತೊಳೆದಿಟ್ಟಳು. ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. ಗೋಡೆ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು.

ಅವಳು ಈಗ ಕೆಲಸ ಮಾಡುವ, ಬೇರೊಬ್ಬ ಒಡತಿಯ ಈ ಪಾರ್ಲರಿನಲ್ಲಿ ಎಲ್ಲರೂ ಅವಳನ್ನು ಗಡಿಯಾರಕ್ಕ ಎಂದೇ ಕರೆಯುತ್ತಾರೆ. ಕುತ್ತಿಗೆಗೆ ದಾರ ಕಟ್ಟಿಕೊಂಡ ಟೈಮರ್ ಸದಾ ನೇತಾಡುತ್ತಿರುತ್ತದೆ. ಗಂಡ ಸಿಕ್ಕರೂ ಟೈಮರ್ ಇಟ್ಟೇ ಮಾತಾಡಿಸುತ್ತಾಳೆ ಎಂದು ಜೊತೆಯ ಹುಡುಗಿಯರು ನಗುತ್ತಾರೆ. ಅವಳೂ ನಗುತ್ತಾಳೆ. ಆ ಟೈಮರ್ ಕುತ್ತಿಗೆಗೆ ಬಂದದ್ದು ಹೇಗೆಂದು ಯಾರಿಗೂ ಹೇಳಿಲ್ಲ.

ನಾಲ್ಕು ವರ್ಷದ ಹಿಂದೆ ಅವಳು ಅತ್ತಿಗೆಯ ಪಾರ್ಲರಿನಲ್ಲೇ ಇದ್ದಳು. ಒಂದು ದಿನ ಶಾಲೆಯ ಟೀಚರೊಬ್ಬರು ಬಂದರು. ಚರ್ಮದ ಮೇಲ್ಪದರ ತೆಗೆಯುವ ಆಸಿಡ್ಡನ್ನು ಅತ್ತಿಗೆಯೇ ಹಚ್ಚಿದರು. ಹಚ್ಚಿ ಮುಗಿಸುವಷ್ಟರಲ್ಲಿ ಫೋನ್ ಬಂತು. ಅತ್ತಿಗೆ ಬ್ರಷ್ ಹಿಡಿದುಕೊಂಡೇ ಕಿಟಕಿಗೆ ಮುಖ ಮಾಡಿ ಮಾತಿಗಿಳಿದರು. ಮೂರು ನಿಮಿಷಕ್ಕೆ ತೆಗೆಯಬೇಕಾದದ್ದು ಆರು ನಿಮಿಷ ಉಳಿಯಿತು. ಅತ್ತಿಗೆ ಕೈಯಿಟ್ಟ ಮುಖವನ್ನು ಬೇರೆಯವರು ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ನಾದಿನಿ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು ನಾಲ್ಕು ಸಲ ಹೇಳಿದಳು. ಅತ್ತಿಗೆ ಅಂಗೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಟೀಚರ ಕಣ್ಣ ಮೇಲೆ ಹತ್ತಿ, ಕಿವಿ ಪಕ್ಕದಲ್ಲಿ ಹೇರ್ ಡ್ರೈಯರಿನ ಮೊರೆತ. ಯಾರು ಹಚ್ಚಿದರು, ಯಾರು ಮರೆತರು ಎಂಬುದು ಅವರಿಗೆ ತಿಳಿಯಲೇ ಇಲ್ಲ. ಕೆನ್ನೆಯ ಮೂಳೆಯ ಮೇಲೆ ಸುಟ್ಟ ಕಲೆ ಮಾತ್ರ ತಿಳಿಯಿತು.

ದೂರು ಬಂದಾಗ ಅತ್ತಿಗೆ ಬ್ಯೂಟಿಷಿಯನ್ನರ ಸಂಘದ ಮುಂದೆ ಕೂತು, ಬ್ರಷ್ ನಾದಿನಿಯ ಕೈಯಲ್ಲಿತ್ತು ಎಂದು ಹೇಳಿ ಬಂದರು. ಅವಳ ಸರ್ಟಿಫಿಕೇಟ್ ಎರಡು ವರ್ಷ ರದ್ದಾಯಿತು. ಅಣ್ಣ ಹೆಂಡತಿಯ ಮಾತು ನಂಬಿದ. ಅಮ್ಮ ಅಷ್ಟಕ್ಕೇ ನಿಲ್ಲಲಿಲ್ಲ. ಹೋದ ತಿಂಗಳು ಕಣ್ಣಿನ ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕಲು ಹೋದ ಮಗಳಿಗೆ, ನಿನ್ನ ಕೈ ಬೇಡ ಕಣೇ, ಭಯವಾಗುತ್ತೆ ಎಂದುಬಿಟ್ಟಳು. ಅಂದಿನಿಂದ ಡ್ರಾಪ್ಸ್ ಹಾಕುವುದು ಪಕ್ಕದ ಮನೆಯಾಕೆ.

ಇವತ್ತು ಅತ್ತಿಗೆ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಬಂದಿದ್ದರು. ವರ್ಷಗಟ್ಟಲೆ ಅಂಗಡಿಗೆ ಬಂದ ಪ್ರತಿ ಕ್ರೀಮನ್ನೂ ತಮ್ಮ ಮುಖದ ಮೇಲೇ ಪರೀಕ್ಷಿಸಿ, ಚರ್ಮ ಹಳೇ ಗೋಡೆಯ ಸುಣ್ಣದ ಹಾಗೆ ಪದರು ಬಿಟ್ಟಿತ್ತು. ಮೇಕಪ್ ಇಲ್ಲದ ಆ ಮುಖವನ್ನು ತಮ್ಮ ಹುಡುಗಿಯರಿಗೆ ತೋರಿಸುವಂತಿಲ್ಲ. ನೀನಾದರೆ ಮನೆಯವಳು ಎಂದರು. ನಾಲ್ಕು ವರ್ಷದಲ್ಲಿ ಆ ಮಾತು ಇವತ್ತೇ ಮೊದಲು.

ಈ ವಾರ ಸ್ಕ್ರಬ್ ಏನಾದರೂ ಹಾಕಿದ್ದೀರಾ ಎಂದು ಗಡಿಯಾರಕ್ಕ ನಿಯಮದಂತೆ ಕೇಳಿದಳು. ಇಲ್ಲವೇ ಇಲ್ಲ ಎಂದರು. ಮೂಗಿನ ಎರಡೂ ಬದಿಯಲ್ಲಿ ಸಣ್ಣ ಕೆಂಪು ಗೀರುಗಳಿದ್ದವು. ಬೆಳಿಗ್ಗೆಯೇ ತರಿತರಿ ಸ್ಕ್ರಬ್ ಹಾಕಿ ಉಜ್ಜಿಕೊಂಡು ಬಂದ ಗುರುತು ಅದು. ಉಜ್ಜಿದ ಚರ್ಮಕ್ಕೆ ಆಸಿಡ್ ಬೇಗ ಇಳಿಯುತ್ತದೆ. ಅವಳು ಬಲಗಡೆಗೆ ಹಚ್ಚಿ, ಮೂರು ನಿಮಿಷ ಬಿಡದೆ ಒಂದೂವರೆಗೇ ತಣಿಸಿ ತೆಗೆದಳು. ಚರ್ಮ ಬೆಣ್ಣೆಯಂತೆ ಬಂತು. ಒಂದು ಬದಿ ಮುಗಿಸಿ ಕನ್ನಡಿ ತೋರಿಸುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಗಿರಾಕಿಗೆ ವ್ಯತ್ಯಾಸ ಕಾಣಬೇಕು. ಅವಳೂ ತೋರಿಸಿದಳು.

"ಪರವಾಗಿಲ್ವೇ, ಕೈ ಪಳಗಿದೆ," ಎಂದರು ಅತ್ತಿಗೆ. "ಆ ಕಡೆ ಶುರು ಮಾಡು."

"ಮೊದಲು ಟೀಚರಿಗೆ ಫೋನ್ ಮಾಡಿ ಅತ್ತಿಗೆ. ಆವತ್ತು ಬ್ರಷ್ ಯಾರ ಕೈಲಿತ್ತು ಅಂತ ಹೇಳಿ. ಆಮೇಲೆ ಆ ಕಡೆ."

ಅತ್ತಿಗೆ ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ. ಅತ್ತಿಗೆ ಮತ್ತೆ ಕನ್ನಡಿ ನೋಡಿಕೊಂಡರು. ಒಂದು ಕಡೆ ನುಣುಪಾಗಿ ಹೊಳೆಯುವ ಕೆನ್ನೆ, ಇನ್ನೊಂದು ಕಡೆ ಹಪ್ಪಳದಂತೆ ಎದ್ದ ಪದರು. ಇದರ ಮೇಲೆ ಎಷ್ಟು ಮೇಕಪ್ ಮೆತ್ತಿದರೂ ಎಡಗಡೆ ಪುಡಿಪುಡಿಯಾಗಿ ನಿಲ್ಲುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಡತಿಯನ್ನು ಕರೆ ಎಂದರು. ಒಡತಿ ಊರಲ್ಲಿರಲಿಲ್ಲ. ಬೈದರು. ಅನ್ನ ಹಾಕಿದ ಮನೆಗೆ ಹೀಗಾ ಮಾಡೋದು ಎಂದರು. ಗಡಿಯಾರಕ್ಕ ಟೈಮರಿನ ದಾರ ಸರಿಮಾಡಿಕೊಂಡಳು.

"ನಿಮ್ಮಣ್ಣಂಗೆ ಹೇಳ್ತೀನಿ, ಇರು."

"ಹೇಳಿ. ನಾಲ್ಕು ವರ್ಷದಿಂದ ನಾನು ಅದನ್ನೇ ಕೇಳ್ತಿರೋದು."

ಅತ್ತಿಗೆ ದಡಕ್ಕನೆ ಎದ್ದರು. ಬ್ರಷ್ ಹಿಡಿಯುವುದನ್ನು ನಿನಗೆ ಕಲಿಸಿದ್ದೇ ನಾನು, ನೀನಿಲ್ಲದಿದ್ದರೆ ನನ್ನ ಮುಖ ನಿಂತುಹೋಗುತ್ತದಾ ಎನ್ನುತ್ತ ಬಾಟಲಿಯಿಂದ ಬಟ್ಟಲಿಗೆ ಆಸಿಡ್ ಬಗ್ಗಿಸಿಕೊಂಡು, ಕನ್ನಡಿ ನೋಡಿ ಎಡಗೆನ್ನೆಗೆ ತಾವೇ ಬಳಿದುಕೊಂಡರು. ಬ್ರಷ್ ಕೆಳಗಿಡಲಿಲ್ಲ. ಇನ್ನೊಂದು ಕೈಯಿಂದ ಗಂಡನಿಗೆ ಫೋನ್ ಒತ್ತಿದರು. ಕೆನ್ನೆಗೆ ಹಿಡಿಯುವಂತಿರಲಿಲ್ಲವಾದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಗಡಿಯಾರಕ್ಕ ಟೈಮರ್ ಒತ್ತಿದಳು. ಆಸಿಡ್ ತಣಿಸುವ ದ್ರಾವಣದ ಬಾಟಲಿಯನ್ನು ಕೈಗೆ ತೆಗೆದುಕೊಂಡಳು.

"ರೀ, ನಿಮ್ಮ ತಂಗಿ ನನ್ನ ಅರ್ಧ ಮುಖ ಮಾಡಿ ಕೂತುಬಿಟ್ಟಿದ್ದಾಳೆ," ಎಂದು ಶುರುವಾದದ್ದು ಅವಳ ಹೊಟ್ಟೆಕಿಚ್ಚು, ಅವಳ ಹುಟ್ಟುಗುಣ ಎಂದು ಹರಿಯತೊಡಗಿತು. ಅಣ್ಣ ಹೂಂ ಹೂಂ ಎನ್ನುತ್ತಿದ್ದ. ಅವನ ಹಿಂದೆ ಯಾರೋ ಉದ್ಘಾಟನೆಗೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

ಟೈಮರಿನಲ್ಲಿ ಒಂದೂವರೆ ನಿಮಿಷ ಬಂತು.

"ಆಯ್ತು ಅತ್ತಿಗೆ, ತೆಗೀರಿ," ಎಂದಳು ಅವಳು.

"ಸುಮ್ನಿರೇ. ಆವತ್ತೂ ಹೀಗೇ ಬಾಗಿಲಲ್ಲಿ ನಿಂತ್ಕೊಂಡು ಆಯ್ತು ತೆಗೀರಿ, ಆಯ್ತು ತೆಗೀರಿ ಅಂತ ಪ್ರಾಣ ತಿಂದೆ. ಫೋನಲ್ಲಿರೋರನ್ನ ಮಾತಾಡೋಕೆ ಬಿಡಲ್ಲ."

ಫೋನಿನ ಆ ಕಡೆ ಅಣ್ಣ ಕುರ್ಚಿ ಎಳೆಯುವವರನ್ನು ತಡೆದ. ಕುರ್ಚಿಗಳ ಸದ್ದು ನಿಂತಿತು.

"ಏನಂದೆ?" ಎಂದ ಅಣ್ಣ. "ತೆಗೀರಿ ಅಂತ ಅವಳು ಹೇಳಿದ್ಲಾ? ನೀನು ಫೋನಲ್ಲಿದ್ಯಾ?"

ಬಾಯಿ ಜಾರಿದ್ದು ಅತ್ತಿಗೆಗೆ ಆಗ ಗೊತ್ತಾಯಿತು. ಹಾಗಲ್ಲ ರೀ ಎಂದರು, ನಾನು ಹೇಳಿದ್ದು ಬೇರೆ ದಿನದ್ದು ಎಂದರು, ಫೋನಿನತ್ತ ಬಾಗಿ ಬ್ರಷ್ ಆಡಿಸುತ್ತ ವಿವರಿಸತೊಡಗಿದರು. ಎರಡು ನಿಮಿಷವಾಯಿತು. ಮೂರಾಯಿತು. ಅವತ್ತು ನಾಲ್ಕು ಸಲ ಹೇಳಿದವಳು ಇವತ್ತು ಎರಡನೇ ಸಲ ಹೇಳಲಿಲ್ಲ. ದ್ರಾವಣದ ಬಾಟಲಿ ಅವಳ ಕೈಯಲ್ಲೇ ಇತ್ತು, ಮುಚ್ಚಳವೂ ತೆರೆದಿತ್ತು. ಕೊಡಬಹುದಿತ್ತು. ಎಡಗೆನ್ನೆ ಕೆಂಪಾಗಿ, ಕೆಂಪಿನ ಮೇಲೆ ಬಿಳಿ ಚುಕ್ಕೆಗಳು ಏಳುವುದನ್ನು ಅವಳು ಸ್ಟೂಲಿನಲ್ಲಿ ಕೂತು ನೋಡಿದಳು.

"ಅವಳು ಅಲ್ಲೇ ಇದ್ದಾಳಾ?" ಎಂದ ಅಣ್ಣ.

"ಇಲ್ಲೇ ಇದ್ದೀನಣ್ಣ," ಎಂದಳು. "ಬ್ರಷ್ ಅತ್ತಿಗೆ ಕೈಲಿದೆ. ಇವತ್ತೂ."

ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಅತ್ತಿಗೆ ಬ್ರಷ್ ಬಿಸಾಡಿ, ಉರಿ, ಉರಿ ಎಂದು ಕೈ ಚಾಚಿದರು. ಗಡಿಯಾರಕ್ಕ ಟೈಮರ್ ನಿಲ್ಲಿಸಿದಳು. ಆಮೇಲೆ ಬಾಟಲಿ ಕೊಟ್ಟಳು.

ಐದು ಗಂಟೆಗೆ ರಿಬ್ಬನ್ ಕತ್ತರಿಸಲಾಯಿತು. ಮರುದಿನ ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಅತ್ತಿಗೆಯ ಬಲಗೆನ್ನೆ ಮಾತ್ರ ಇತ್ತು, ಅಣ್ಣ ಇರಲಿಲ್ಲ. ರಿಬ್ಬನ್ ಕತ್ತರಿಸುವ ಹೊತ್ತಿಗೆ ಅವನು ಟೀಚರ ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದ. ವಾರದೊಳಗೆ, ಅತ್ತಿಗೆಯ ಹೆಸರೆತ್ತಿ ಬರೆದ ಟೀಚರ ಪತ್ರ ಸಂಘಕ್ಕೆ ಹೋಯಿತು. ಭಾನುವಾರ ಅಮ್ಮ ಕುರ್ಚಿಗೆ ತಲೆಯೊರಗಿಸಿ ಡ್ರಾಪ್ಸ್ ಬಾಟಲಿಯನ್ನು ಮಗಳ ಕಡೆ ನೀಡಿದಳು.

ಅತ್ತಿಗೆಯ ಎಡಗೆನ್ನೆಯ ಕಲೆ ಹೋಗಲು ಹನ್ನೊಂದು ವಾರ ಹಿಡಿಯಿತು.