ಪಾಸಾದ ಡಿಸ್ಕು

ಮಾವನ ಫೋಟೋ ಸ್ಟುಡಿಯೋದ ಕಂಪ್ಯೂಟರ್ ಹನ್ನೊಂದು ವರ್ಷದಿಂದ ದೊಡ್ಡ ಸೊಸೆಯ ಕೈಯಲ್ಲಿತ್ತು. ಅದಕ್ಕೆ ಲಿನಕ್ಸ್ ತಂತ್ರಾಂಶ ಹಾಕಿದವಳು ಅವಳು, ಕೆಟ್ಟು ಕೂತಾಗಲೆಲ್ಲ ರಿಪೇರಿ ಮಾಡಿದವಳೂ ಅವಳೇ. ಮಾವ ಒಂದು ದಿನಕ್ಕೂ "ಭೇಷ್" ಅಂದವರಲ್ಲ. ಚಿಕ್ಕ ಸೊಸೆ ಬಂದು ಆರು ತಿಂಗಳಾಗಿರಲಿಲ್ಲ, ಆಗಲೇ ಅವರ ಬಾಯಲ್ಲಿ ಮೂರು ಹೊತ್ತೂ ಅವಳದೇ ಜಪ. ತೀರಿಹೋದ ಅತ್ತೆಯ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಕಲೆ ತೆಗೆದು, ಒಂದೊಂದನ್ನೇ ಹೊಸದು ಮಾಡುತ್ತಿದ್ದಳಲ್ಲ, ಅದಕ್ಕೆ. ಓರಗಿತ್ತಿಯ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ದೊಡ್ಡವಳ ಹೊಟ್ಟೆ ಉರಿಯುತ್ತಿತ್ತು. ಅಸಿಡಿಟಿ ಎಂದು ಗಂಡನಿಂದ ಮಾತ್ರೆ ಬೇರೆ ತರಿಸಿಕೊಂಡಿದ್ದಳು.

ಒಂದು ಬೆಳಿಗ್ಗೆ ಫೋಟೋವೊಂದು ತೆರೆಯಲು ಸತಾಯಿಸಿತು. ಚಿಕ್ಕವಳು ಟರ್ಮಿನಲ್‌ನಲ್ಲಿ, ಫೋಟೋಗಳಿದ್ದ ಹಾರ್ಡ್ ಡಿಸ್ಕಿನ ಆರೋಗ್ಯ ಕೇಳುವ ಕಮಾಂಡ್ ಟೈಪ್ ಮಾಡಿದಳು. 'ಪಾಸ್ಡ್' ಎಂದು ಬಂತು.

"ಮಾವ, ಪಾಸಾಗಿದೆ! ಡಿಸ್ಕ್ ಗಟ್ಟಿಮುಟ್ಟಾಗಿದೆ."

"ನೋಡು, ಎಷ್ಟು ಚುರುಕು!" ಎಂದರು ಮಾವ, ದೊಡ್ಡವಳತ್ತ ತಿರುಗಿ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ದೊಡ್ಡವಳು ಪೂರ್ತಿ ವರದಿ ತೆಗೆದಳು. ಯಾವ ಡಿಸ್ಕು ತಾನೇ ತನಗೆ ಕಾಯಿಲೆ ಎಂದು ಸುಲಭಕ್ಕೆ ಒಪ್ಪಿಕೊಳ್ಳುತ್ತದೆ? ಕೊನೆಯುಸಿರಿನ ತನಕ 'ಪಾಸ್ಡ್' ಅನ್ನುವ ಡಿಸ್ಕುಗಳನ್ನು ಅವಳು ಕಂಡಿದ್ದಳು. ನಿಜ ಇರುವುದು ಕೆಳಗಿನ ಪಟ್ಟಿಯಲ್ಲಿ. ಓದಲಾಗದೆ ಬಾಕಿ ಬಿದ್ದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ತುಣುಕುಗಳು: ನಲವತ್ತು. ಸೊನ್ನೆ ಇರಬೇಕಾದ ಜಾಗ ಅದು.

ಕೂಗಿ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಸಾಯಲಿ ಡಿಸ್ಕು, ಎಲ್ಲರೆದುರೂ ಸಾಯಲಿ, ಆ ಚುರುಕಿನ ಬಣ್ಣ ಬಯಲಾಗಲಿ. ಆಗ ತಾನು ಕಾಪಿ ತಂದಿಟ್ಟರೆ ಯಾರ ಯೋಗ್ಯತೆ ಎಷ್ಟೆಂದು ಮಾವನಿಗೆ ತಿಳಿಯುತ್ತದೆ. ಅಂದೇ ಸಂಜೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಇಳಿಸಿ, ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟಳು.

ಅಲ್ಲಿಂದ ದಿನಾ ಆ ವರದಿಯನ್ನು ಕದ್ದು ನೋಡುವುದೇ ಕೆಲಸವಾಯಿತು. ಅರವತ್ತು. ತೊಂಬತ್ತು. ಸಂಖ್ಯೆ ಏರಿದಷ್ಟೂ ಅವಳಿಗೆ ನಿದ್ದೆ ಚೆನ್ನಾಗಿ ಹತ್ತುತ್ತಿತ್ತು. ಚಿಕ್ಕವಳು ತಲೆ ಎತ್ತದೆ ಅತ್ತೆಯ ಮುಖದ ಮೇಲಿನ ಕಲೆ ತೆಗೆಯುತ್ತಲೇ ಇದ್ದಳು.

ಮೂರು ವಾರಕ್ಕೆ ಡಿಸ್ಕು ಕಟಕಟ ಎಂದು ಸದ್ದು ಮಾಡಿ ನಿಂತೇಹೋಯಿತು. ಚಿಕ್ಕವಳು ಬಿಳಿಚಿಕೊಂಡಳು. ಮಾವ ಕುರ್ಚಿಯಲ್ಲಿ ಕುಸಿದರು. ದೊಡ್ಡವಳು ಕಾದಿದ್ದು ಈ ಗಳಿಗೆಗೇ ಅಲ್ಲವೇ? ಓಡಿಹೋಗಿ ತನ್ನ ಡಿಸ್ಕು ತಂದು ಜೋಡಿಸಿದಳು.

"ಹೆದರ್ಬೇಡಿ ಮಾವ, ನಾನಿದೀನಲ್ಲ."

ಮಾವ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಫೋಟೋ ನೋಡಿದರು. ಮೊದಲಿನ ನಾಲ್ಕೈದು ಬಿಟ್ಟರೆ ಉಳಿದವುಗಳಲ್ಲಿ ಅತ್ತೆಯ ಮುಖದ ತುಂಬ ಕಲೆ ಹಾಗೆಯೇ ಇತ್ತು.

"ಇದನ್ನ ಯಾವತ್ತು ಮಾಡಿಟ್ಟೆಯಮ್ಮಾ?"

ತಾರೀಕು ಪರದೆಯ ಮೇಲೇ ಇತ್ತು. ಚಿಕ್ಕವಳು 'ಪಾಸಾಗಿದೆ' ಅಂದಿದ್ದ ದಿನ. ಆಮೇಲಿನ ಮೂರು ವಾರದ ಕೆಲಸ ಅದರಲ್ಲಿರಲಿಲ್ಲ.

"ಹಾಗಾದ್ರೆ ಅವತ್ತೇ ಗೊತ್ತಿತ್ತಾ ನಿನಗೆ?"

ಉತ್ತರ ಕೊಟ್ಟವಳು ಚಿಕ್ಕವಳು, ಕಣ್ಣೊರೆಸಿಕೊಳ್ಳುತ್ತ.

"ಅಕ್ಕನ್ನ ಏನೂ ಅನ್ಬೇಡಿ ಮಾವ. ಚೆನ್ನಾಗಿದೆ ಅಂದವಳು ನಾನೇ ತಾನೇ? ಮತ್ತೆ ಮಾಡ್ತೀನಿ ಬಿಡಿ."

ಮಾವ ಅವಳ ತಲೆ ಸವರಿದರು. ದೊಡ್ಡವಳು ನಾಚಿಕೆಯಿಂದ ನೆಲ ನೋಡುತ್ತ ನಿಂತಳು. ತಪ್ಪು ತನ್ನದೇ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಆ ಕೈ ಓರಗಿತ್ತಿಯ ತಲೆಯ ಮೇಲಿದ್ದುದನ್ನು ಅವಳಿಂದ ಸಹಿಸಲಾಗಲಿಲ್ಲ.