ಬಾಗಿಲ ಬಳಿ ನಿಲ್ಲುವವರು

ಮೂರನೆಯ ಭಾನುವಾರವೂ ಎರ್ಲಿಂಡಾ ಗಡಿಯಾರ ಗೋಪುರದ ಕೆಳಗೆ, ಹೆಬ್ಬಾವನ್ನು ಹೆಗಲ ಮೇಲೆ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳುವವರ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಹಾವಿನ ಒಡೆಯ ದೊನ್ ಇಲಾರಿಯೊ ಕ್ಯಾಮೆರಾ ಕೆಳಗಿಳಿಸಿದ.

"ಅಲ್ಲ ತಾಯಿ, ಹೋದ ವಾರದ ಫೋಟೋದಲ್ಲಿ ಕಣ್ಣೇನಾದ್ರೂ ಮುಚ್ಚಿಹೋಗಿತ್ತಾ?"

"ಇಲ್ಲ, ಚೆನ್ನಾಗೇ ಬಂದಿತ್ತು."

"ಮತ್ತೆ?"

"ಫೋಟೋ ಬೇಡ. ಸುಮ್ನೆ ಸ್ವಲ್ಪ ಹೊತ್ತು ಹಾಕಿ. ದುಡ್ಡು ಅಷ್ಟೇ ತಗೊಳ್ಳಿ."

ಪಕ್ಕದಲ್ಲಿ ಬೂಟು ಪಾಲಿಷ್ ಮಾಡುವವನು ಬಾಲದ ಕಡೆಯನ್ನು ಎತ್ತಿಕೊಡಲು ಗೊಣಗುತ್ತ ಎದ್ದ. "ಇವಳ ದೆಸೆಯಿಂದ ನನ್ನ ಸೊಂಟ ಹೋಯ್ತು" ಎಂದ. ಹಾವಿಗೆ ಹೇಳಿದನೋ ಎರ್ಲಿಂಡಾಳಿಗೆ ಹೇಳಿದನೋ ತಿಳಿಯಲಿಲ್ಲ.

ಹಾವಿಗೆ ಬೆಣ್ಣೆಯ ಬಣ್ಣ. ಅದಕ್ಕೇ ಗ್ವೆರಾ ಎಂದು ಹೆಸರು. ಪಚೂಕಾದ ಸಂತೆಯಲ್ಲಿ ಟೊಮೆಟೊ ಮಾರುವವರು ಎಂಥ ಕಪ್ಪು ಹೆಂಗಸನ್ನೂ "ಬನ್ನಿ ಗ್ವೆರಾ, ಬಿಳಿ ಚೆಲುವೆ" ಎಂದು ಕೂಗುತ್ತಾರೆ. ಆ ಹೆಸರಿಗೆ ನಿಜವಾಗಿ ತಕ್ಕವಳೆಂದರೆ ಇವಳೊಬ್ಬಳೇ. ಭಾರ ಮೊದಲು ಎಡ ಹೆಗಲಿಗೆ ಇಳಿಯಿತು, ಆಮೇಲೆ ಕತ್ತಿನ ಹಿಂದೆ, ಆಮೇಲೆ ಎದೆಯ ಮೇಲೆ. ಎರ್ಲಿಂಡಾ ಕಾಲು ಊರಿ ನಿಂತಳು. ತನ್ನ ಮೇಲೆ ಯಾರಾದರೂ ಒರಗಿ ಎಷ್ಟು ಕಾಲವಾಯಿತು ಎಂದು ನೆನೆಯಲು ನೋಡಿದಳು. ಅಮ್ಮ ಕೊನೆಕೊನೆಗೆ ಬಚ್ಚಲಿಗೆ ಹೋಗುವಾಗ ಒರಗುತ್ತಿದ್ದಳು. ಅದಾದ ಮೇಲೆ ಯಾರೂ ಇಲ್ಲ. ಹಾವಿಗೆ ಬೇಕಾಗಿರುವುದು ತನ್ನ ಮೈಬಿಸಿ ಮಾತ್ರ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೆ ಆ ಬಿಸಿಯಾದರೂ ಬೇರೆ ಯಾರಿಗೆ ಬೇಕಾಗಿತ್ತು?

ಅವಳದು ಬಸ್ ನಿಲ್ದಾಣದಲ್ಲಿ ಕೆಲಸ. ತುಲನ್ಸಿಂಗೊ, ಆಕ್ತೋಪಾನ್, ಮೆಕ್ಸಿಕೊ ನಗರ ಎಂದು ಹೊರಡುವ ಬಸ್ಸುಗಳನ್ನು ಮೈಕಿನಲ್ಲಿ ಕೂಗುವುದು. ಊರಿಗೆ ಊರೇ ಅವಳ ದನಿ ಕೇಳಿ ಚೀಲ ಎತ್ತಿಕೊಂಡು ಓಡುತ್ತಿತ್ತು, ಮುಖ ಕಂಡವರು ಮಾತ್ರ ಇರಲಿಲ್ಲ. ಗಾಜಿನ ಗೂಡಿನಲ್ಲಿ ಕೂತು ಇಡೀ ದಿನ ಎಲ್ಲರನ್ನೂ ಕಳಿಸಿಕೊಟ್ಟು, ಸಂಜೆ ದಾರಿಯಲ್ಲಿ ಆಲೂಗಡ್ಡೆ ತುಂಬಿ ಸುಟ್ಟ ಕಡುಬು, ಒಂದು ಪಾಸ್ತೆ ಕಟ್ಟಿಸಿಕೊಂಡು ಮನೆಗೆ ಹೋಗಿ, ಅದನ್ನು ನಿಂತೇ ತಿನ್ನುತ್ತಿದ್ದಳು. ಒಬ್ಬಳಿಗೋಸ್ಕರ ಮೇಜು ಒರೆಸುವುದು ಅವಳಿಗೆ ನಗೆಪಾಟಲಾಗಿ ಕಾಣುತ್ತಿತ್ತು.

"ಇನ್ನು ಮುಂದಿನ ತಿಂಗಳಿಂದ ನಾನು ಬರಲ್ಲ" ಎಂದ ದೊನ್ ಇಲಾರಿಯೊ, ಹಾವಿನ ತಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ. "ಹೆಂಡ್ತಿ ಹೋದ ಮೇಲೆ ಈ ಭುಜವೂ ಹೋಯ್ತು. ಮಗಳು ಕೆರೆತಾರೊಗೆ ಕರ್ಕೊಂಡು ಹೋಗ್ತಾಳಂತೆ. ಅಪ್ಪನಿಗೆ ಜಾಗ ಇದೆಯಂತೆ, ಗ್ವೆರಾಗೆ ಇಲ್ವಂತೆ."

"ಇವಳು ಎಲ್ಲಿಗೆ ಹೋಗ್ತಾಳೆ?"

"ರಾಜಧಾನಿಯ ಬಾರಿನವನೊಬ್ಬ ಕೇಳ್ತಿದಾನೆ, ಕುಣಿಯೋ ಹುಡುಗಿಯರ ಕತ್ತಿಗೆ ಹಾಕೋಕೆ. ತುಲನ್ಸಿಂಗೊದಲ್ಲಿ ಟೈರಿನಂಗಡಿ ಅಣ್ಣತಮ್ಮಂದಿರು ಕೇಳ್ತಿದಾರೆ. ನೋಡ್ಬೇಕು."

"ನಂಗೆ ಕೊಡಿ."

ಬೂಟು ಪಾಲಿಷಿನವನು ನಕ್ಕ. ದೊನ್ ಇಲಾರಿಯೊ ನಗಲಿಲ್ಲ.

"ಮುಂಚೆ ಏನಾದ್ರೂ ಸಾಕಿದೀರಾ?"

"ಗಿಳಿ."

"ಗಿಳಿ ಕಚ್ಚಿದ್ರೆ ಬೆರಳಿಗೆ ಬಟ್ಟೆ ಸುತ್ತಬಹುದು. ಇವಳು ಸುತ್ತಿದ್ರೆ ಬಿಡಿಸೋಕೆ ಇನ್ನೊಬ್ಬರು ಬೇಕು." ಅವನು ಹಾವಿನ ಭಾರವನ್ನು ತನ್ನ ಒಳ್ಳೆಯ ಭುಜಕ್ಕೆ ಮೆಲ್ಲಗೆ ಎಳೆದುಕೊಂಡ. ಎರ್ಲಿಂಡಾಳ ಹೆಗಲು ಬರಿದಾಗಿ ಗಾಳಿ ತಾಗಿತು. "ನಮ್ಮಲ್ಲಿ ಒಂದು ಪದ್ಧತಿ ಇದೆ. ಇಷ್ಟು ದೊಡ್ಡ ಹಾವಿನ ಗೂಡನ್ನ ಒಬ್ಬರೇ ತೆಗೆಯೋ ಹಾಗಿಲ್ಲ. ಒಬ್ಬರು ತೆಗೀತಾರೆ, ಒಬ್ಬರು ಬಾಗಿಲ ಬಳಿ ನಿಲ್ತಾರೆ. ನಿಮಗೆ ಯಾರು ನಿಲ್ತಾರೆ?"

ಗಾಳಿ ಚೌಕದ ಕಾಗದ, ಧೂಳು, ಬಲೂನು ಎಲ್ಲವನ್ನೂ ಒಂದೇ ಮೂಲೆಗೆ ಗುಡಿಸುತ್ತಿತ್ತು. ಎರ್ಲಿಂಡಾ ಆ ಮೂಲೆಯನ್ನೇ ನೋಡುತ್ತ ಹೇಳಿದಳು:

"ನನ್ನ ಕೊಮಾದ್ರೆ ಇದಾಳೆ, ಪಾಸ್ತೊರಾ. ಗೋಡೆಗೆ ಗೋಡೆ ಅಂಟಿಕೊಂಡ ಮನೆ."

ಪಾಸ್ತೊರಾಳ ಮನೆ ಊರಿನ ಆಚೆಯ ತುದಿಯಲ್ಲಿ, ಹಳೆಯ ಗಣಿಯ ಹತ್ತಿರ ಇತ್ತು. ಅವಳ ಮಗನನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತವಳು ಎರ್ಲಿಂಡಾ. ಅಂದಿನಿಂದ ಇಬ್ಬರೂ ಕೊಮಾದ್ರೆಯರು. ಮಗ ಬೆಳೆದು ಗಡಿ ದಾಟಿ ಹೋಗಿದ್ದ. ಈಗ ಅವರ ನಡುವೆ ಉಳಿದಿದ್ದು ಕ್ರಿಸ್ಮಸ್ಸಿಗೆ ಒಂದು ಫೋನು. ಆದರೆ ಆ ನಂಟಿಗೆ ತುಕ್ಕು ಹಿಡಿಯುವುದಿಲ್ಲ. ಕೊಮಾದ್ರೆ ಬಂದು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದರೆ ಮಗುವಿನ ತಲೆಯ ಮೇಲೆ ಬಿದ್ದ ನೀರನ್ನೇ ಇಲ್ಲ ಎಂದ ಹಾಗೆ.

"ಹಾವಾ?" ಎಂದಳು ಪಾಸ್ತೊರಾ ಫೋನಿನಲ್ಲಿ. ಹಿನ್ನೆಲೆಯಲ್ಲಿ ತಟ್ಟೆಯ ಸದ್ದು. "ಹುಡುಕಿದ್ರೆ ಗಂಡ ಸಿಗ್ತಿರ್ಲಿಲ್ವೇನೇ ನಿಂಗೆ?"

"ಗಂಡನ ಗೊರಕೆ ಯಾರು ಕೇಳ್ತಾರೆ. ಒಂದು ಸಲ ಬಂದು ನಿಂತ್ಕೊ, ಸಾಕು."

"ನಿಂತ್ಕೊಳ್ಳೋದು ತಾನೇ. ನಿಂತ್ಕೋತೀನಿ."

ಆ ವಾರಗಳಲ್ಲಿ ಎರ್ಲಿಂಡಾ ಸಂಜೆ ಕೆಲಸ ಮುಗಿಸಿ ದೊನ್ ಇಲಾರಿಯೊನ ಮನೆಗೆ ಹೋಗಿ ಕಲಿತಳು. ಗೂಡಿನ ಬಿಸಿ ಎಷ್ಟಿರಬೇಕು, ನೀರಿನ ತೊಟ್ಟಿ ಎಲ್ಲಿಡಬೇಕು. ಪೊರೆ ಬಿಡುವ ಮುಂಚೆ ಕಣ್ಣು ಹಾಲಿನಂತೆ ಮಂಜಾದಾಗ ಮುಟ್ಟಬಾರದು. ತೆಗೆಯುವ ಮುನ್ನ ಕೊಕ್ಕೆಯ ಕೋಲಿನಿಂದ ಮೈಯನ್ನು ಮೆಲ್ಲಗೆ ತಟ್ಟಬೇಕು, ಊಟ ಬಂದಿಲ್ಲ, ಬರೀ ನಾನು ಬಂದಿದ್ದೇನೆ ಎಂದು ತಿಳಿಸಲು. ಈ ಕೊನೆಯದು ಅವಳಿಗೆ ಇಷ್ಟವಾಯಿತು. ಬರೀ ನಾನು, ಎಂದು ತಟ್ಟುತ್ತಿದ್ದಳು. ಗ್ವೆರಾ ನಾಲಗೆ ಹೊರಚಾಚಿ, ಹೌದಾ, ಎಂಬಂತೆ ಒಳಗೆಳೆದುಕೊಳ್ಳುತ್ತಿತ್ತು.

"ಒಂದೇ ಮಾತು ನೆನಪಿಡಿ" ಎನ್ನುತ್ತಿದ್ದ ದೊನ್ ಇಲಾರಿಯೊ. "ಅವಳಿಗೆ ಕಣ್ಣು ಅಷ್ಟಕ್ಕಷ್ಟೇ. ಮೂಗು, ನಾಲಗೆ, ಅದೇ ಅವಳ ಲೋಕ. ಮೊಲ ಮುಟ್ಟಿದ ಕೈಯಲ್ಲಿ ಚಿಲಕ ಮುಟ್ಟಿದ್ರೆ ಅವಳ ಪಾಲಿಗೆ ನೀವೇ ಮೊಲ. ತಪ್ಪು ಅವಳದಲ್ಲ."

ಮನೆಯಲ್ಲಿ ಅಮ್ಮನ ಕೋಣೆ ಖಾಲಿ ಮಾಡಿಸಿದಳು. ಮಂಚ ಹೋದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು, ಉದ್ದಕ್ಕೆ ಒಂದು ಗೂಡು ಹಿಡಿಯುವಷ್ಟು. ಅಂಗಡಿಯವನು ಗೂಡಿಗೆ ಹಾಕುವ ಕರೆಂಟಿನ ಬಿಸಿ ಹಲಗೆ ತಂದಿಟ್ಟು ಹೋದ ದಿನ ಅದನ್ನು ಸುಮ್ಮನೆ ಹಚ್ಚಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಆ ಸಂಜೆ ಪಾಸ್ತೆಯನ್ನು ಕೂತು ತಿಂದಳು.

ಪರೀಕ್ಷೆ ಶನಿವಾರ, ದೊನ್ ಇಲಾರಿಯೊನ ಮನೆಯಲ್ಲೇ. "ನೀವು ತೆಗೀರಿ, ಕೊಮಾದ್ರೆ ನಿಲ್ಲಲಿ, ನಾನು ಕೂತು ನೋಡ್ತೀನಿ. ಸರಿ ಕಂಡ್ರೆ ಇವತ್ತೇ ನಿಮ್ಮವಳು" ಎಂದಿದ್ದ ದೊನ್ ಇಲಾರಿಯೊ. ಎರ್ಲಿಂಡಾ ಕೈಯನ್ನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ಪಾಸ್ತೊರಾ ಏದುಸಿರು ಬಿಡುತ್ತ ನಿಂತಿದ್ದಳು. ದಪ್ಪಗಾಗಿದ್ದಳು, ಕೂದಲು ನರೆತಿತ್ತು.

"ಕೊಮಾದ್ರೆ" ಎಂದಳು.

"ಕೊಮಾದ್ರೆ" ಎಂದಳು ಎರ್ಲಿಂಡಾ, ಮುಂದೆ ಹೋಗಿ ತಬ್ಬಿಕೊಂಡಳು. ಬಂದವರನ್ನು ತಬ್ಬದೆ ಒಳಗೆ ಕರೆಯುವುದು ಆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಇವಳು ಬಿಡಬೇಕಾದಾಗ ಬಿಡಲಿಲ್ಲ. ಕೆನ್ನೆಯನ್ನು ಗೆಳತಿಯ ಹೆಗಲಿಗಿಟ್ಟು, ಶಾಲು ಸುತ್ತಿದ ತನ್ನ ತೋಳಿನಿಂದ ಅವಳ ಅಗಲ ಬೆನ್ನನ್ನು ಒತ್ತಿ ಹಿಡಿದು ನಿಂತಳು. ಪಾಸ್ತೊರಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ಸುಮ್ಮನೆ ನಿಂತಳು.

ಒಳಗೆ ಗೂಡಿನ ಕೋಣೆಯ ಬಾಗಿಲಲ್ಲಿ ಪಾಸ್ತೊರಾಳನ್ನು ನಿಲ್ಲಿಸಿದರು. ಅವಳು ಜಪಮಾಲೆ ತೆಗೆದು ಕಣ್ಣು ಮುಚ್ಚಿದಳು.

"ಕಣ್ಣು ಬಿಡಮ್ಮ" ಎಂದ ದೊನ್ ಇಲಾರಿಯೊ. "ದೇವರು ನೋಡ್ಕೊಳ್ಳೋದಾದ್ರೆ ನಿಮ್ಮನ್ನ ಯಾಕೆ ಕರೆಸ್ತಿದ್ವಿ?"

ಪಾಸ್ತೊರಾ ಒಂದು ಕಣ್ಣು ಬಿಟ್ಟಳು.

ಎರ್ಲಿಂಡಾ ಚಿಲಕ ತೆಗೆದು, ಗಾಜು ಸರಿಸಿ, ಕೋಲಿನಿಂದ ತಟ್ಟಿದಳು. ಬರೀ ನಾನು. ಗ್ವೆರಾ ತಲೆ ಎತ್ತಿತು. ನಾಲಗೆ ಒಂದು ಸಲ ಬಂತು, ಮತ್ತೆ ಬಂತು, ಮತ್ತೆ ಮತ್ತೆ ಬಂತು. ಕತ್ತು ಹಿಂದಕ್ಕೆ ಮಡಿಯಿತು. ಎಲ್ಲೋ ಏನೋ ಸರಿಯಿಲ್ಲ ಎಂದು ಎರ್ಲಿಂಡಾಳಿಗೆ ಹೊಳೆಯುವಷ್ಟರಲ್ಲಿ ಶಾಲು ಸುತ್ತಿದ ಅವಳ ತೋಳು ಹಾವಿನ ಬಾಯಲ್ಲಿತ್ತು. ಮರುಕ್ಷಣ ಆ ಭಾರ, ಅವಳು ಭಾನುವಾರಗಳಲ್ಲಿ ದುಡ್ಡು ಕೊಟ್ಟು ಹೊತ್ತ ಅದೇ ಭಾರ, ತೋಳಿಗೆ ಸುತ್ತಿ ಬಿಗಿಯಿತು. ಅದರಲ್ಲಿ ಈಗ ಒರಗುವಿಕೆ ಇರಲಿಲ್ಲ. ಕೆಲಸ ಇತ್ತು.

ದೊನ್ ಇಲಾರಿಯೊ ಬಾಲದ ತುದಿ ಹಿಡಿದು ಬಿಚ್ಚತೊಡಗಿದ. ಒಂದು ಸುತ್ತು ಬಿಚ್ಚಿತು. ಕೆಟ್ಟ ಭುಜ ಸೋತು ಅದು ಮತ್ತೆ ಬಿಗಿಯಿತು. ಎರಡನೆಯ ಸುತ್ತು ಅವಳ ಹೆಗಲಿಗೆ ಏರುತ್ತಿತ್ತು.

"ಯಾರಾದ್ರೂ ಹಿಡೀರಿ" ಎಂದ ಅವನು, ಹಲ್ಲು ಕಚ್ಚಿ.

ಪಾಸ್ತೊರಾ ಬಾಗಿಲಲ್ಲೇ ಇದ್ದಳು. ಎರಡೂ ಕಣ್ಣು ಮುಚ್ಚಿದ್ದಳು. ತುಟಿ ಅಲುಗುತ್ತಿತ್ತು. ಓಡಿಹೋಗಿರಲಿಲ್ಲ, ಹತ್ತಿರ ಬಂದೂ ಇರಲಿಲ್ಲ. ನಿಂತ್ಕೊ ಎಂದಿದ್ದರು, ನಿಂತಿದ್ದಳು.

ಎರ್ಲಿಂಡಾಳ ಬೆರಳುಗಳು ನೇರಳೆಯಾಗುತ್ತಿದ್ದವು. ಆಗ ಅವಳ ಬಾಯಿಂದ ಬಂದ ದನಿ ಮನೆಯದಲ್ಲ, ನಿಲ್ದಾಣದ ಗಾಜಿನ ಗೂಡಿನದು. ಅವಸರವಿಲ್ಲದ, ಒಂದೊಂದೇ ಅಕ್ಷರ ಬಿಡಿಸಿ ಹೇಳುವ ದನಿ.

"ಪಾಸ್ತೊರಾ ಅವರು ಗಮನಿಸಿ. ಬಲಗಡೆ ಕಪಾಟು. ಮೇಲಿನ ಹಲಗೆ. ಸ್ಪಿರಿಟ್ ಬಾಟಲಿ. ಈಗ ತರಬೇಕು."

ಇಡೀ ಊರು ಆ ದನಿ ಕೇಳಿದರೆ ಚೀಲ ಎತ್ತುತ್ತದೆ. ಪಾಸ್ತೊರಾ ಕಣ್ಣು ಬಿಟ್ಟು, ನಡೆದು, ಬಾಟಲಿ ತಂದಳು. ದೊನ್ ಇಲಾರಿಯೊ ಹಾವಿನ ಬಾಯಿಯ ಅಂಚಿಗೆ ಸ್ಪಿರಿಟ್ ಸುರಿದ. ಗ್ವೆರಾ ಬಾಯಿ ಬಿಟ್ಟಿತು. ಅವನೂ ಎರ್ಲಿಂಡಾಳೂ ಸೇರಿ ಬಾಲದಿಂದ ಬಿಚ್ಚಿ ಒಳಗಿಟ್ಟು ಗಾಜು ಸರಿಸಿದರು. ಹಾವು ಮೂಲೆಗೆ ಹೋಗಿ ಸುರುಳಿ ಸುತ್ತಿಕೊಂಡು, ಏನೂ ಆಗದ ಹಾಗೆ ತಲೆ ಇಟ್ಟಿತು.

ದೊನ್ ಇಲಾರಿಯೊ ಶಾಲನ್ನು ಎತ್ತಿ ಮೂಸಿ ನೋಡಿದ. ಆಮೇಲೆ ಪಾಸ್ತೊರಾಳ ಕಡೆ ತಿರುಗಿ ಕೇಳಿದ:

"ಮನೇಲಿ ಏನು ಸಾಕ್ತೀರಮ್ಮ?"

"ಮೊಲ" ಎಂದಳು ಅವಳು. "ಹೋಟ್ಲಿಗೆ ಕೊಡ್ತೀನಿ. ಬೆಳಿಗ್ಗೆ ಸುಲಿದಿಟ್ಟು ಹಾಗೇ ಬಂದೆ. ಹಳೇ ಗಣಿ ಹತ್ರದಿಂದ ಎರಡು ಬಸ್ ಬದಲಿಸಿ ಬರಬೇಕಲ್ಲ, ಬಟ್ಟೆ ಬದಲಿಸೋಕೆ ಎಲ್ಲಿ ಹೊತ್ತು?"

ಎರಡು ಬಸ್. ದೊನ್ ಇಲಾರಿಯೊ ಎರ್ಲಿಂಡಾಳನ್ನು ನೋಡಿದ. ಅವಳು ತೋಳಿನ ಮೇಲೆ ಮೂಡಿದ ಸಣ್ಣ ಸಣ್ಣ ರಕ್ತದ ಚುಕ್ಕೆಗಳನ್ನು ನೋಡುತ್ತಿದ್ದಳು. ಕಾಣುವುದಕ್ಕೆ ಜಪಮಾಲೆಯ ಮಣಿಗಳ ಹಾಗಿದ್ದವು.

ಕಾಫಿ ಕಾಯಿಸಿದರು. ದಾಲ್ಚಿನ್ನಿಯ ವಾಸನೆ ಬಂದಾಗ ಪಾಸ್ತೊರಾ ಅಳತೊಡಗಿದಳು. "ಬೇರೆ ಏನು ಬೇಕಾದ್ರೂ ಕೇಳೇ ಕೊಮಾದ್ರೆ. ಮೂತ್ರಪಿಂಡ ಕೇಳು, ಕೊಡ್ತೀನಿ. ಇದು ಮಾತ್ರ ನನ್ನ ಕೈಲಾಗಲ್ಲ."

"ಆಯ್ತು" ಎಂದಳು ಎರ್ಲಿಂಡಾ.

ಪಾಸ್ತೊರಾ ಹೋದ ಮೇಲೆ ದೊನ್ ಇಲಾರಿಯೊ ಲೋಟವನ್ನು ಮೇಜಿನ ಮೇಲೆ ತಿರುಗಿಸಿದ.

"ನಿಮಗೆ ಕೈ ಇದೆ" ಎಂದ. "ಕಲಿಯೋಕೆ ಬಂದು ಮೊದಲ ಸಲ ಸುತ್ತಿಸಿಕೊಂಡವರು ಕಿರುಚ್ತಾರೆ, ಎಳೀತಾರೆ. ನೀವು ಹಾಗೆ ಮಾಡ್ಲಿಲ್ಲ. ಇವತ್ತಿನ ತಪ್ಪು ಯಾರಿಂದಾದ್ರೂ ಆಗುತ್ತೆ. ಬಂದವರನ್ನ ತಬ್ಬಬೇಡಿ ಅಂತ ಹೇಳೋದು ನಂಗೂ ಹೊಳೀಲಿಲ್ಲ. ಬಾರಿನವನಿಗೆ ಕೊಡೋಕೆ ನಂಗೆ ಮನಸ್ಸಿಲ್ಲ. ನೀವು ಬೇರೆ ಯಾರನ್ನಾದ್ರೂ ತೋರಿಸಿ. ಕೆಲಸದ ಕಡೆ ಯಾರಾದ್ರೂ? ಓಣಿಯಲ್ಲಿ? ಹೂಂ ಅನ್ನಿ ಸಾಕು, ನಾನು ನಂಬ್ತೀನಿ."

ನಂಬುತ್ತಾನೆ ಎಂದು ಅವಳಿಗೂ ಗೊತ್ತಿತ್ತು. ಒಂದು ಹೆಸರು ಸಾಕಾಗಿತ್ತು. ಹೆಸರುಗಳಿಗೇನು ಬರ, ಇಡೀ ದಿನ ಮೈಕಿನಲ್ಲಿ ಕಳೆದುಹೋದವರ ಹೆಸರು ಕೂಗುವವಳು. ಗಾಜಿನ ಆಚೆ ಗ್ವೆರಾ ನಾಲಗೆ ಚಾಚಿ ಕೋಣೆಯನ್ನೆಲ್ಲ ಹುಡುಕುತ್ತಿತ್ತು. ಈ ಸಲ ಅದಕ್ಕೆ ಸಿಕ್ಕಿದ್ದು ಸ್ಪಿರಿಟ್ ಮತ್ತು ಕಾಫಿ ಮಾತ್ರ.

"ಯಾರೂ ಇಲ್ಲ ದೊನ್ ಇಲಾರಿಯೊ" ಎಂದಳು. ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕೋಣೆ ಮೊದಲಿನ ಹಾಗೇ ಇತ್ತು, ಗೋಡೆ ಬೀಳಲಿಲ್ಲ.

"ತುಲನ್ಸಿಂಗೊದ ಅಣ್ಣತಮ್ಮಂದಿರು ಹೊತ್ತು ಹುಟ್ಟಿದ್ರೆ ಮುಳುಗೋವರೆಗೆ ಜಗಳ ಆಡ್ತಾರೆ" ಎಂದ ಅವನು ಕೊನೆಗೆ. "ಆದ್ರೆ ಇಬ್ಬರಿದಾರೆ."

ಅವರು ಬಂದಿದ್ದು ಮುಂದಿನ ಗುರುವಾರ, ಮಧ್ಯಾಹ್ನ. ಅವರ ಗಾಡಿ ಕೆಟ್ಟಿತ್ತಂತೆ. ನಿಲ್ದಾಣದ ಒಳಗೆ ದೊಡ್ಡದೊಂದು ಮರದ ಪೆಟ್ಟಿಗೆ, ಎರಡು ಕಡೆ ಹಗ್ಗದ ಹಿಡಿ, ಬದಿಗಳಲ್ಲಿ ತೂತು. ಎರ್ಲಿಂಡಾ ಗಾಜಿನ ಹಿಂದಿನಿಂದ ನೋಡಿದಳು. ಕಂಡಕ್ಟರ್ ತಡೆದು ಏನಿದೆ ಎಂದು ಕೇಳುತ್ತಿದ್ದ.

"ಅಮ್ಮನ ಹೊಲಿಗೆ ಮಿಷನ್ನು" ಎಂದ ಅಣ್ಣ.

"ಪಾತ್ರೆ" ಎಂದ ತಮ್ಮ, ಅದೇ ಹೊತ್ತಿಗೆ.

"ತೂತು ಯಾಕೆ?"

"ಅಮ್ಮನಿಗೆ ಗಾಳಿ ಆಗಬೇಕು" ಎಂದ ತಮ್ಮ. ಅಣ್ಣ ಅವನ ಕಾಲು ತುಳಿದ. ಕಂಡಕ್ಟರ್ ಕೈ ಚೆಲ್ಲಿ ಹೋದ.

ಪ್ಲಾಟ್‌ಫಾರಮ್ಮಿನ ಬಾಗಿಲು ಭಾರದ್ದು. ಪಚೂಕಾದ ಗಾಳಿಗೆ ಅದು ಯಾವಾಗಲೂ ಒಳಕ್ಕೆ ಬಡಿದುಕೊಳ್ಳುತ್ತದೆ. ಪೆಟ್ಟಿಗೆ ಹಿಡಿದ ಇಬ್ಬರಿಗೂ ಅದನ್ನು ನೂಕಲು ಮೂರನೆಯ ಕೈ ಇರಲಿಲ್ಲ. ನೀನು ಹಿಂದೆ ಬಾ, ಇಲ್ಲ ನೀನೇ ತಿರುಗು, ಎಂದು ಅಲ್ಲೇ ಜಗಳ ಶುರುವಾಯಿತು.

ತುಲನ್ಸಿಂಗೊ ಬಸ್ಸನ್ನು ಕೂಗುವ ಹೊತ್ತಾಗಿತ್ತು. ಎರ್ಲಿಂಡಾ ಮೈಕು ಆರಿಸಿದಳು. ಕೆಲಸದ ಹೊತ್ತಿನಲ್ಲಿ ಗೂಡು ಬಿಟ್ಟು ಎಂದೂ ಹೊರಗೆ ಬಂದವಳಲ್ಲ. ಬಂದು, ಬಾಗಿಲನ್ನು ಬೆನ್ನಿನಿಂದ ನೂಕಿ, ಗಾಳಿಗೆ ಎದುರಾಗಿ ಹಿಡಿದುಕೊಂಡು ನಿಂತಳು.

"ದೊಡ್ಡ ಉಪಕಾರ ತಾಯಿ" ಎಂದ ಅಣ್ಣ, ಮುಖ ನೋಡದೆ.

"ನಿಧಾನ" ಎಂದಳು ಅವಳು. ದನಿ ಕೇಳಿ ಇಬ್ಬರೂ ತಟ್ಟನೆ ತಲೆ ಎತ್ತಿದರು, ಎಲ್ಲೋ ಕೇಳಿದ ದನಿಯಲ್ಲವೇ ಎಂಬಂತೆ.

ಪೆಟ್ಟಿಗೆ ಅವಳ ಹೊಟ್ಟೆಗೆ ಉಜ್ಜಿಕೊಂಡು ದಾಟಿತು. ದಾಟುವಾಗ ಅವಳು ಬೆರಳಿನಿಂದ ಹಲಗೆಯನ್ನು ಮೆಲ್ಲಗೆ ತಟ್ಟಿದಳು. ಪೆಟ್ಟಿಗೆಯ ಒಳಗೆ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ತಮ್ಮ ಮುಗ್ಗರಿಸಿ ಅಣ್ಣನನ್ನು ಬೈದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಎರ್ಲಿಂಡಾ ಬಾಗಿಲು ಹಿಡಿದೇ ಇದ್ದಳು. ಆಮೇಲೆ ಗೂಡಿಗೆ ಹಿಂದಿರುಗಿ ಮೈಕು ಹಾಕಿ, ಆಗಲೇ ಹೊರಟುಹೋಗಿದ್ದ ಬಸ್ಸನ್ನು ಕೂಗಿದಳು.